ಲೈಂಗಿಕ ಕಿರುಕುಳದ ದೂರಿಗೆ ವಿಭಾಗದ ಮಟ್ಟದಲ್ಲೇ ‘ಸಂಧಾನ’: ಒಪ್ಪಿ ಸಹಿ ಹಾಕಬಹುದೆ?

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ

ನಾನು ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿದ್ದೇನೆ. ಸಂಸ್ಥೆಯ ಹೆಸರನ್ನಾಗಲಿ ವಿಷಯದ ಹೆಸರನ್ನಾಗಲಿ ಬರೆಯುವುದಿಲ್ಲ. ಯಾರೂ ಊಹಿಸಲು ಹೋಗಬಾರದೆಂದು ಕೇಳಿಕೊಳ್ಳುತ್ತೇನೆ. ನಮ್ಮ ಪ್ರಯೋಗಾಲಯದಲ್ಲಿ ನನಗಿಂತ ಮೂರು ವರ್ಷ ಹಿರಿಯರಾದ ಸಂಶೋಧನಾ ವಿದ್ಯಾರ್ಥಿಯೊಬ್ಬರಿದ್ದಾರೆ. ನನ್ನ ಉಡುಪು, ಮೈಕಟ್ಟಿನ ಬಗ್ಗೆ ಮಾತನಾಡುವುದು, ಬೇಡವೆಂದು ಸ್ಪಷ್ಟವಾಗಿ ಹೇಳಿದ ಮೇಲೂ ರಾತ್ರಿ ಹೊತ್ತಿನಲ್ಲಿ ಸಂದೇಶ ಕಳುಹಿಸುವುದು, ನಾನು ಉತ್ತರಿಸದಿದ್ದರೆ ಮರುದಿನ ಉಪಕರಣದ ಸರದಿ ಪಟ್ಟಿಯಿಂದ ನನ್ನ ಹೆಸರು ಕಾಣೆಯಾಗುವುದು, ಹೀಗೆ ಒಂದು ವರ್ಷದಿಂದ ನಡೆದುಬಂದಿದೆ. ಕೊನೆಯ ಘಟನೆ ನಡೆದು ಏಳು ವಾರಗಳಾದವು. ಸಂದೇಶಗಳೆಲ್ಲವೂ ನನ್ನ ಬಳಿ ಉಳಿದಿವೆ.

ವಿಭಾಗದ ಮುಖ್ಯಸ್ಥರಿಗೆ ಇಮೇಲ್ ಬರೆದೆ. ಅವರು ಕರೆಸಿ ಸಮಾಧಾನದಿಂದಲೇ ಮಾತನಾಡಿದರು. ನನ್ನ ಮಾತನ್ನು ಸುಳ್ಳೆನ್ನಲಿಲ್ಲ. ಆದರೆ ವಿಷಯ ಲೈಂಗಿಕ ಕಿರುಕುಳದ ದೂರು ಸಮಿತಿಗೆ ಹೋದರೆ ಇಬ್ಬರ ಭವಿಷ್ಯವೂ ಕೆಡುತ್ತದೆ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲೇ ಸಂಧಾನಕ್ಕೆ ಅವಕಾಶವಿದೆ, ಆದ್ದರಿಂದ ತಾವೇ ಇಬ್ಬರನ್ನೂ ಕೂರಿಸಿ ಮಾತನಾಡಿಸಿ ಮುಗಿಸುತ್ತೇನೆ ಎಂದರು. ಎರಡು ದಿನ ಬಿಟ್ಟು ಅರ್ಧ ಪುಟದ ಒಂದು ಕರಡನ್ನು ತೋರಿಸಿದರು. ಅದರಲ್ಲಿ ‘ನಮ್ಮಿಬ್ಬರ ನಡುವಿನ ತಪ್ಪು ತಿಳಿವಳಿಕೆ ಸೌಹಾರ್ದಯುತವಾಗಿ ಬಗೆಹರಿದಿದ್ದು, ಈ ಬಗ್ಗೆ ಮುಂದೆ ಯಾವ ದೂರೂ ಇರುವುದಿಲ್ಲ’ ಎಂದಿದೆ. ಸಹಿಗೆ ಮುಂದಿನ ಸೋಮವಾರದವರೆಗೆ ಸಮಯ ಕೊಟ್ಟಿದ್ದಾರೆ.

ಆ ಹಿರಿಯ ವಿದ್ಯಾರ್ಥಿಯನ್ನು ವಿಶ್ವವಿದ್ಯಾಲಯದಿಂದ ಹೊರಗೆ ಹಾಕಿಸಬೇಕೆಂಬ ಆಸೆ ನನಗಿಲ್ಲ. ಅದು ನಿಲ್ಲಬೇಕು, ಉಪಕರಣದ ಸಮಯ ನನಗೆ ಸಿಗಬೇಕು, ನಡೆದದ್ದು ನಡೆಯಿತೆಂದು ಅವರು ಒಪ್ಪಬೇಕು. ಹಾಗಾಗಿ ಸಂಧಾನವೆಂಬ ಮಾತೇ ನನಗೆ ಬೇಡವಾಗಿಲ್ಲ. ಈ ಕಾಗದ ಮಾತ್ರ ಬೇಡವೆನಿಸುತ್ತಿದೆ. ಒಪ್ಪಿದರೆ ಮುಂದೆ ಹಿಂದಿರುಗುವ ದಾರಿ ಇರುತ್ತದೆಯೆ? ಒಪ್ಪದಿದ್ದರೆ ಹಟಮಾರಿ ಎಂದು ಕಡತದಲ್ಲಿ ದಾಖಲಾಗುತ್ತದೆಯೆ? ಬಲ್ಲವರು ತಿಳಿಸಬೇಕು.

ಉತ್ತರ 1: ವಕೀಲೆ, ದೂರು ಸಮಿತಿಯ ಹೊರಗಿನ ಸದಸ್ಯೆ

ಸೋಮವಾರ ಸಹಿ ಹಾಕಬೇಡಿ. ಕಾರಣವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಮುಂದೆ ಇಟ್ಟಿರುವುದಕ್ಕೆ ಸಂಧಾನವೆಂಬ ಹೆಸರಿದೆಯೇ ಹೊರತು ಕಾನೂನು ಯಾವುದನ್ನು ಸಂಧಾನವೆನ್ನುತ್ತದೆಯೋ ಅದು ಇದಲ್ಲ.

ಈ ಪದ ಬರುವುದು ಎರಡು ಕಡೆ. ಒಂದು, 2013ರ ಡಿಸೆಂಬರ್ 9ರಿಂದ ಜಾರಿಯಲ್ಲಿರುವ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲೆ ನಡೆಯುವ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯ್ದೆಯ 10ನೇ ಕಲಮು. ಇನ್ನೊಂದು, ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿಯೇ ಯುಜಿಸಿ ರೂಪಿಸಿದ 2015ರ ನಿಯಮಾವಳಿ. ಅದು ರಾಜ್ಯಪತ್ರದಲ್ಲಿ ಪ್ರಕಟವಾದದ್ದು 2016ರ ಮೇ ತಿಂಗಳಲ್ಲಿ. ನೀವು ವಿದ್ಯಾರ್ಥಿನಿ, ಎದುರಿನವರೂ ವಿದ್ಯಾರ್ಥಿ. ಆದ್ದರಿಂದ ಎರಡನೆಯದು ನೇರವಾಗಿ ಅನ್ವಯಿಸುತ್ತದೆ. ಎರಡರಲ್ಲೂ ಸಂಧಾನದ ಚೌಕಟ್ಟು ಹೆಚ್ಚುಕಡಿಮೆ ಒಂದೇ. ಮೊದಲು ಸಮಿತಿಗೆ ಲಿಖಿತ ದೂರು ಸಲ್ಲಿಕೆಯಾಗಿರಬೇಕು. ವಿಚಾರಣೆ ಆರಂಭವಾಗುವ ಮುನ್ನ, ನೊಂದವಳು ತಾನಾಗಿ ಕೋರಿದರೆ ಮಾತ್ರ, ಸಮಿತಿಯು ಸಂಧಾನಕ್ಕೆ ಕ್ರಮ ಕೈಗೊಳ್ಳಬಹುದು. ಹಣದ ಕೊಡುಕೊಳ್ಳುವಿಕೆ ಸಂಧಾನದ ಆಧಾರವಾಗುವಂತಿಲ್ಲ. ಒಪ್ಪಂದವಾದರೆ ಸಮಿತಿ ಅದನ್ನು ದಾಖಲಿಸಿ ಆಡಳಿತಕ್ಕೆ ಕಳುಹಿಸಬೇಕು, ಇಬ್ಬರಿಗೂ ಪ್ರತಿ ಕೊಡಬೇಕು.

ಈಗ ನಿಮ್ಮ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ದೂರು ಸಮಿತಿಯ ಬಳಿ ಇಲ್ಲ. ಕೋರಿಕೆ ನಿಮ್ಮಿಂದ ಬಂದದ್ದಲ್ಲ. ಸಂಧಾನಕ್ಕೆ ಕೂರುವವರು ವಿಭಾಗದ ಮುಖ್ಯಸ್ಥರು. ಯುಜಿಸಿ ನಿಯಮಾವಳಿಯಂತೆ ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರಂಥ ಆಡಳಿತ ಸ್ಥಾನದಲ್ಲಿರುವವರು ಸಮಿತಿಯ ಸದಸ್ಯರಾಗುವಂತೆಯೇ ಇಲ್ಲ. ಸಮಿತಿಯೊಳಗೆ ಕಾಲಿಡಬಾರದವರು ಸಮಿತಿಯ ಹೊರಗೆ ಕುಳಿತು ಸಮಿತಿಯ ಕೆಲಸವನ್ನು ಮಾಡಲು ಹೊರಟಿದ್ದಾರೆ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಉದ್ದೇಶದಿಂದ ಅಧಿಕಾರ ಹುಟ್ಟುವುದಿಲ್ಲ.

ನಿಮಗೆ ತಕ್ಷಣ ಮುಖ್ಯವಾಗಬೇಕಾದದ್ದು ಕಾಲಮಿತಿ. ಘಟನೆ ನಡೆದ ದಿನದಿಂದ, ಘಟನೆಗಳು ಸರಣಿಯಾಗಿದ್ದರೆ ಕೊನೆಯ ಘಟನೆಯ ದಿನದಿಂದ, ಮೂರು ತಿಂಗಳೊಳಗೆ ಸಮಿತಿಗೆ ಲಿಖಿತ ದೂರು ತಲುಪಬೇಕು. ಸಮಿತಿ ಕಾರಣಗಳನ್ನು ಬರೆದಿಟ್ಟು ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. ಆದರೆ ಅದು ಸಮಿತಿಯ ವಿವೇಚನೆಗೆ ಸೇರಿದ್ದು, ನಿಮ್ಮ ಹಕ್ಕಲ್ಲ. ಏಳು ವಾರ ಕಳೆದಿದೆ. ಮುಖ್ಯಸ್ಥರಿಗೆ ಬರೆದ ಇಮೇಲನ್ನು ಸಮಿತಿಗೆ ಕೊಟ್ಟ ದೂರೆಂದು ಯಾರೂ ಒಪ್ಪಲೇಬೇಕೆಂದಿಲ್ಲ. ‘ಮಾತನಾಡೋಣ, ನೋಡೋಣ’ ಎನ್ನುವುದರಲ್ಲೇ ಉಳಿದ ಆರು ವಾರಗಳು ಕಳೆದುಹೋದ ಪ್ರಕರಣಗಳನ್ನು ನಾನು ಕಂಡಿದ್ದೇನೆ. ಯಾರೂ ದೂರನ್ನು ತಿರಸ್ಕರಿಸಲಿಲ್ಲ, ಗಡುವೇ ಆ ಕೆಲಸ ಮಾಡಿತು. ಆದ್ದರಿಂದ ಮೊದಲು ದೂರು, ಸ್ವೀಕೃತಿ, ಆಮೇಲೆ ಬೇಕಿದ್ದರೆ ಸಂಧಾನ.

ಹಿಂದಿರುಗುವ ದಾರಿಯ ಬಗ್ಗೆ ಕೇಳಿದ್ದೀರಿ. ಸಂಧಾನ ನಿಮ್ಮ ಕೋರಿಕೆಯ ಮೇಲೆ ನಿಂತಿರುವುದರಿಂದ, ಒಪ್ಪಂದವಾಗುವ ತನಕ ಎಂದು ಬೇಕಾದರೂ ಬೇಡವೆಂದು ಹೇಳಬಹುದು. ಆಗ ವಿಚಾರಣೆ ಆರಂಭವಾಗುತ್ತದೆ. ಸಮಿತಿಯ ಮುಂದೆ ಒಪ್ಪಂದವಾದ ಮೇಲೆ ಮಾತ್ರ ಪರಿಸ್ಥಿತಿ ಬೇರೆ. 10ನೇ ಕಲಮಿನಂತೆ ನಂತರ ವಿಚಾರಣೆ ನಡೆಯುವುದಿಲ್ಲ. ಎದುರಿನವರು ಒಪ್ಪಂದದ ಯಾವುದಾದರೂ ಷರತ್ತನ್ನು ಪಾಲಿಸಲಿಲ್ಲವೆಂದು ನೀವು ತಿಳಿಸಿದರೆ, ಆಗ 11ನೇ ಕಲಮಿನಂತೆ ಸಮಿತಿ ವಿಚಾರಣೆಗೆ ಇಳಿಯಬೇಕು ಅಥವಾ ದೂರನ್ನು ಪೊಲೀಸರಿಗೆ ಕಳುಹಿಸಬೇಕು. ಅಂದರೆ ಹಿಂದಿರುಗುವ ದಾರಿ ಇರುವುದು ಷರತ್ತಿನಲ್ಲಿ. ನಿಮಗೆ ತೋರಿಸಿದ ಅರ್ಧ ಪುಟದಲ್ಲಿ ಎದುರಿನವರ ಮೇಲೆ ಒಂದು ಷರತ್ತೂ ಇಲ್ಲ; ಇರುವ ಒಂದೇ ಷರತ್ತು ನಿಮ್ಮ ಮೇಲೆ.

ಕೊನೆಯದಾಗಿ, ಸಮಿತಿಯ ಸಂಧಾನಕ್ಕೂ ಪೊಲೀಸ್ ದೂರಿಗೂ ಸಂಬಂಧವಿಲ್ಲ. ಈ ಕಾಯ್ದೆ ಇತರ ಕಾನೂನುಗಳಿಗೆ ಪೂರಕವಾದದ್ದೇ ಹೊರತು ಅವುಗಳನ್ನು ಕುಗ್ಗಿಸುವುದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನಲ್ಲಿ ಲೈಂಗಿಕ ಕಿರುಕುಳ, 78ನೇ ಕಲಮಿನಲ್ಲಿ ಬೆನ್ನಟ್ಟುವಿಕೆ ಅಪರಾಧಗಳಾಗಿವೆ. ‘ಮುಂದೆ ಯಾವ ದೂರೂ ಇರುವುದಿಲ್ಲ’ ಎಂದು ಬರೆಸಿಕೊಂಡ ಮಾತ್ರಕ್ಕೆ ಆ ಬಾಗಿಲು ಮುಚ್ಚುವುದಿಲ್ಲ. ಆದರೆ ಆ ಕಾಗದವನ್ನು ನಾಳೆ ನಿಮ್ಮ ಮುಂದೆ ಹಿಡಿದು ‘ಅಂದು ತಪ್ಪು ತಿಳಿವಳಿಕೆ ಎಂದು ನೀವೇ ಬರೆದಿದ್ದೀರಲ್ಲ’ ಎಂದು ಪ್ರಶ್ನಿಸುವವರು ಖಂಡಿತ ಇರುತ್ತಾರೆ.

ಉತ್ತರ 2: ಸಹಿ ಹಾಕಿದವಳು

ಇಂಥದೇ ಕಾಗದಕ್ಕೆ ಆರು ವರ್ಷಗಳ ಹಿಂದೆ ನಾನು ಸಹಿ ಹಾಕಿದ್ದೆ. ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರ್; ಎದುರಿನವರು ನಮಗೆ ಪಾಠ ಹೇಳುತ್ತಿದ್ದವರು. ಯಾರೂ ನನ್ನನ್ನು ಹೆದರಿಸಲಿಲ್ಲ. ಕಾಫಿ ತರಿಸಿಕೊಟ್ಟರು, ‘ನೀನು ನಮ್ಮ ಮಗಳಿದ್ದ ಹಾಗೆ’ ಎಂದರು, ಆ ಅಧ್ಯಾಪಕರ ಮನೆಯ ಕಷ್ಟಗಳನ್ನು ಹೇಳಿದರು. ನಾಲ್ವರು ಹಿರಿಯರು ಸುತ್ತ ಕುಳಿತು ಅಷ್ಟು ಮೃದುವಾಗಿ ಕೇಳುವಾಗ ಇಲ್ಲವೆನ್ನಲು ಬೇಕಾದ ಬಲ ಇಪ್ಪತ್ತೆರಡು ವರ್ಷದವಳಲ್ಲಿ ಇರುವುದಿಲ್ಲ. ಅಂದು ಬಾಗಿಲು ತೆರೆದೇ ಇತ್ತು; ಎದ್ದು ಹೋಗಬಹುದಾಗಿತ್ತು. ಆದರೆ ನನ್ನ ಆಂತರಿಕ ಅಂಕಗಳು ಇನ್ನೂ ಪ್ರಕಟವಾಗಿರಲಿಲ್ಲ.

ಆಮೇಲೆ ಏನೂ ಆಗಲಿಲ್ಲ. ಅದೇ ನನ್ನ ದೂರು. ಅವರು ಅದೇ ಕೊಠಡಿಯಲ್ಲಿ ಪಾಠ ಮುಂದುವರಿಸಿದರು, ನಾನು ಹಿಂದಿನ ಬೆಂಚಿಗೆ ಹೋದೆ. ಕಾಗದದ ಪ್ರತಿ ಕೇಳಿದಾಗ ‘ಅದು ಕಚೇರಿಯ ಕಡತದಲ್ಲಿದೆ’ ಎಂದರು; ಮುಂದೆ ಅಂಥ ಕಡತವೇ ಇಲ್ಲವೆಂದು ಗೊತ್ತಾಯಿತು. ಎರಡು ವರ್ಷಗಳ ನಂತರ ಇನ್ನೊಬ್ಬ ಹುಡುಗಿ ದೂರು ಕೊಟ್ಟಾಗ ಹಿಂದೆ ಇಂಥದ್ದು ನಡೆದಿತ್ತೆಂಬುದಕ್ಕೆ ಯಾವ ದಾಖಲೆಯೂ ಸಿಗಲಿಲ್ಲ.

ನೀವು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ದೂರು ಕೊಡಿ. ಉಳಿದದ್ದನ್ನು ಆಮೇಲೆ ಯೋಚಿಸಬಹುದು.

ಉತ್ತರ 3: ಮಹಿಳಾ ಅಧ್ಯಯನದ ಅಧ್ಯಾಪಕಿ

ಹಿಂದಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ. ಆದರೆ ವಕೀಲರು ‘ಬೇಕಿದ್ದರೆ ಸಂಧಾನ’ ಎಂದು ಅಷ್ಟು ಸುಲಭವಾಗಿ ಬರೆದದ್ದನ್ನು ಒಪ್ಪಲಾರೆ. ಈ ಕಲಮನ್ನು ಮಸೂದೆಯ ಹಂತದಲ್ಲೇ ವಿರೋಧಿಸಲಾಗಿತ್ತು. ಲೈಂಗಿಕ ಅಪರಾಧಗಳ ಕಾನೂನು ತಿದ್ದುಪಡಿಗೆ ಶಿಫಾರಸು ಮಾಡಲು ರಚಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರ ಜನವರಿ 23ರಂದು ಸಲ್ಲಿಸಿದ ವರದಿಯಲ್ಲಿ, ಲೈಂಗಿಕ ಕಿರುಕುಳದ ದೂರನ್ನು ಸಂಧಾನದಲ್ಲಿ ಮುಗಿಸಲು ಯತ್ನಿಸುವುದು ಹೆಣ್ಣಿನ ಘನತೆಗೆ ಕುಂದು ಮತ್ತು ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಗೆ ಸುಪ್ರೀಂ ಕೋರ್ಟು ಮಾರ್ಗಸೂಚಿ ಕೊಟ್ಟ 1997ರ ವಿಶಾಖಾ ತೀರ್ಪಿನ ಆಶಯಕ್ಕೆ ವಿರುದ್ಧ ಎಂಬ ನಿಲುವು ತಳೆದಿತ್ತು. ಆದರೂ ಕಲಮು ಉಳಿಯಿತು. 2021ರ ಮಾರ್ಚ್ 18ರಂದು ಅಪರ್ಣಾ ಭಟ್ ಪ್ರಕರಣದಲ್ಲಿ, ಜಾಮೀನಿನ ಷರತ್ತಾಗಿ ಆರೋಪಿಯು ದೂರುದಾರೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದಿದ್ದ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟು ರದ್ದುಪಡಿಸಿ, ಇಂಥ ಪ್ರಕರಣಗಳಲ್ಲಿ ನ್ಯಾಯಾಲಯಗಳು ರಾಜಿಯನ್ನಾಗಲಿ ಮದುವೆಯನ್ನಾಗಲಿ ಸೂಚಿಸಕೂಡದೆಂದು ಹೇಳಿತು. 2024ರ ನವೆಂಬರ್ 7ರಂದು, ಶಾಲಾ ಶಿಕ್ಷಕನೊಬ್ಬನ ಮೇಲಿನ ಪ್ರಕರಣವನ್ನು ಹುಡುಗಿಯ ಮನೆಯವರ ರಾಜಿಯ ಆಧಾರದ ಮೇಲೆ ರಾಜಸ್ಥಾನ ಹೈಕೋರ್ಟು ಕೈಬಿಟ್ಟದ್ದನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ರಾಜಿಯನ್ನು ನ್ಯಾಯಾಲಯಗಳೇ ಇಷ್ಟು ಅನುಮಾನದಿಂದ ನೋಡುವಾಗ ವಿಶ್ವವಿದ್ಯಾಲಯಗಳಿಗೆ ಅದರ ಮೇಲೆ ಇಷ್ಟು ಮಮತೆ ಏಕೆ?

ರ‍್ಯಾಗಿಂಗ್ ವಿಷಯದಲ್ಲಿ ಇದೇ ಯುಜಿಸಿ ಎಷ್ಟು ಬೇರೆಯಾಗಿ ಮಾತನಾಡುತ್ತದೆ ನೋಡಿ. 2009ರ ನಿಯಮಾವಳಿಯಂತೆ ರ‍್ಯಾಗಿಂಗ್ ದಂಡ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಕಂಡರೆ ಸಂಸ್ಥೆಯ ಮುಖ್ಯಸ್ಥರು 24 ಗಂಟೆಗಳೊಳಗೆ ಎಫ್‌ಐಆರ್ ದಾಖಲಿಸಬೇಕು. ಅಲ್ಲಿ ಯಾರೂ ‘ಇಬ್ಬರ ಭವಿಷ್ಯ’ದ ಮಾತೆತ್ತುವುದಿಲ್ಲ. ಹುಡುಗಿಯ ಮೈಮೇಲಿನ ಮಾತು ಬಂದ ಕೂಡಲೇ ಎಲ್ಲರೂ ಊರ ಪಂಚಾಯಿತಿಯ ಹಿರಿಯರಾಗಿಬಿಡುತ್ತಾರೆ. ನಮ್ಮ ಭಾಷೆಯಲ್ಲಿ ರಾಜಿಗೆ ‘ಮಾಡಿಸು’ ಎಂಬ ಕ್ರಿಯಾಪದ ಎಷ್ಟು ಸಹಜವಾಗಿ ಅಂಟಿಕೊಳ್ಳುತ್ತದೆಂದು ಗಮನಿಸಿದ್ದೀರಾ? ರಾಜಿ ಆಗುವುದಿಲ್ಲ, ಯಾರೋ ಮಾಡಿಸುತ್ತಾರೆ.

ಉತ್ತರ 1ರ ಲೇಖಕಿಯ ಮರುಮಾತು

ಅಧ್ಯಾಪಕಿಯವರ ಸಿಟ್ಟು ನನಗೂ ಇದೆ. ಆದರೆ ಅವರು ಉಲ್ಲೇಖಿಸಿದ ಎರಡು ತೀರ್ಪುಗಳು ಕ್ರಿಮಿನಲ್ ಪ್ರಕರಣಗಳಿಗೆ ಸಂಬಂಧಿಸಿದವು ಎಂಬುದನ್ನು ಸ್ಪಷ್ಟಪಡಿಸಬೇಕು. ಮೊದಲನೆಯದು ಜಾಮೀನಿನ ಷರತ್ತಿನ ಪ್ರಶ್ನೆ. ಎರಡನೆಯದು ಅಪ್ರಾಪ್ತೆಯ ಮೇಲಿನ, ಪೋಕ್ಸೊ ಕಾಯ್ದೆಯಡಿಯ ಪ್ರಕರಣ. ಅಪರಾಧವು ಸಮಾಜದ ವಿರುದ್ಧವಾದದ್ದು, ಆದ್ದರಿಂದ ಇಬ್ಬರು ವ್ಯಕ್ತಿಗಳ ರಾಜಿಯಿಂದ ಅದು ಅಳಿಯುವುದಿಲ್ಲವೆಂಬುದು ಅಲ್ಲಿನ ತರ್ಕ. ವಯಸ್ಕಳಾದ ದೂರುದಾರೆ ಸಮಿತಿಯ ಮುಂದೆ ತಾನಾಗಿ ಕೋರುವ ಸಂಧಾನವನ್ನು ಅವು ನಿಷೇಧಿಸಿಲ್ಲ. ಪ್ರಶ್ನೆ ಕೇಳಿದವರು ಶಿಕ್ಷೆ ಬೇಡ, ನಿಲುಗಡೆ ಬೇಕು ಎಂದಿದ್ದಾರೆ. ಅವರ ಘನತೆಯ ಹೆಸರಿನಲ್ಲಿ ಅವರ ಆಯ್ಕೆಯನ್ನೇ ನಾವು ಕಿತ್ತುಕೊಳ್ಳುವುದು ಸರಿಯಲ್ಲ.

ಉತ್ತರ 4: ನಿವೃತ್ತ ಪ್ರಾಧ್ಯಾಪಕಿ, ಹಿಂದೆ ಸಮಿತಿಯ ಅಧ್ಯಕ್ಷೆ

ಅಧ್ಯಕ್ಷೆಯಾಗಿದ್ದ ಅವಧಿಯಲ್ಲಿ ಐದು ಬಾರಿ ಸಂಧಾನ ನಡೆಸಿದ್ದೇನೆ. ಮೂರು ಚೆನ್ನಾಗಿ ನಡೆದವು, ಒಂದು ಮುರಿದು ವಿಚಾರಣೆಗೆ ಹೋಯಿತು, ಇನ್ನೊಂದನ್ನು ನಾನು ನಡೆಸಲೇಬಾರದಾಗಿತ್ತು.

ಚೆನ್ನಾಗಿ ನಡೆದವುಗಳಲ್ಲಿ ಇಬ್ಬರನ್ನೂ ನಾವು ಒಂದೇ ಕೋಣೆಯಲ್ಲಿ ಕೂರಿಸಲಿಲ್ಲ. ‘ಕೂತು ಮಾತಾಡಿ’ ಎನ್ನುವುದನ್ನೇ ಸಂಧಾನವೆಂದು ತಿಳಿಯಲಾಗಿದೆ. ನಿಯಮದಲ್ಲಿ ಎಲ್ಲೂ ಮುಖಾಮುಖಿಯಾಗಬೇಕೆಂದಿಲ್ಲ. ಸಮಿತಿಯ ಇಬ್ಬರು ಸದಸ್ಯರು ಮೊದಲು ಅವಳ ಬಳಿ ಹೋಗಿ ಏನು ಬೇಕೆಂದು ಕೇಳಿ ಬರೆದುಕೊಂಡರು. ಆ ಪಟ್ಟಿಯನ್ನು ಹಿಡಿದು ಬೇರೆ ದಿನ, ಬೇರೆ ಕೋಣೆಯಲ್ಲಿ ಅವನೊಡನೆ ಮಾತನಾಡಿದರು. ಒಂದು ಪ್ರಕರಣದಲ್ಲಿ ಹೀಗೆ ಏಳು ಬಾರಿ ಓಡಾಡಿದರು. ಬೇಸರದ ಕೆಲಸ, ಆದರೆ ಅದರಲ್ಲಿ ಯಾರೂ ಯಾರ ಕಣ್ಣೀರಿಗೂ ಕರಗಬೇಕಾಗಿರಲಿಲ್ಲ.

ಷರತ್ತುಗಳ ಬಗ್ಗೆ ವಕೀಲರು ಹೇಳಿದ್ದನ್ನು ನಾನು ಇನ್ನಷ್ಟು ಒತ್ತಿ ಹೇಳುತ್ತೇನೆ. ‘ಇನ್ನು ಮುಂದೆ ಗೌರವದಿಂದ ನಡೆದುಕೊಳ್ಳುತ್ತೇನೆ’ ಎಂಬುದು ಷರತ್ತಲ್ಲ, ಹಾರೈಕೆ. ಮುರಿಯಿತೆಂದು ಅದನ್ನು ಎಂದಿಗೂ ತೋರಿಸಲಾಗದು. ನಿಮ್ಮ ಪ್ರಸಂಗದಲ್ಲಿ ಷರತ್ತು ಹೀಗಿರಬಹುದು: ಉಪಕರಣದ ಸರದಿ ಪಟ್ಟಿಯನ್ನು ಇನ್ನು ಮುಂದೆ ಪ್ರಯೋಗಾಲಯದ ತಂತ್ರಜ್ಞರೇ ನಿರ್ವಹಿಸಬೇಕು, ಎದುರಿನವರಿಗೆ ಪಟ್ಟಿಯನ್ನು ತಿದ್ದುವ ಅನುಮತಿ ಇರಕೂಡದು, ಕೆಲಸದ ವಿಷಯವಿದ್ದರೆ ಗುಂಪಿನ ಇಮೇಲ್‌ನಲ್ಲಿ ಮಾತ್ರ ಬರೆಯಬೇಕು, ಖಾಸಗಿ ಸಂದೇಶ ಒಂದೂ ಬರಕೂಡದು, ನಿಮ್ಮ ಪ್ರಬಂಧವನ್ನಾಗಲಿ ಪ್ರಗತಿ ವರದಿಯನ್ನಾಗಲಿ ಅವರು ಪರಿಶೀಲಿಸಕೂಡದು, ಆಪ್ತ ಸಮಾಲೋಚನೆಗೆ ನಿಗದಿತ ಸಂಖ್ಯೆಯ ಬಾರಿ ಹಾಜರಾಗಿ ಸಮಿತಿಗೆ ತಿಳಿಸಬೇಕು, ಮೂರನೆಯ ಮತ್ತು ಆರನೆಯ ತಿಂಗಳು ಸಮಿತಿ ನಿಮ್ಮನ್ನು ಪ್ರತ್ಯೇಕವಾಗಿ ಕರೆದು ವಿಚಾರಿಸಬೇಕು. ಒಪ್ಪಿಗೆಯ ವಾಕ್ಯದ ಬಗ್ಗೆಯೂ ಹಟ ಹಿಡಿಯಿರಿ. ‘ತಪ್ಪು ತಿಳಿವಳಿಕೆ’ ಎಂಬ ಪದವನ್ನು ಬಿಡಿಸಿ ‘ಬೇಡವೆಂದ ಮೇಲೂ ಸಂದೇಶ ಕಳುಹಿಸಿದ್ದೇನೆ’ ಎಂದು ಬರೆಸಲು ಒಂದು ಪ್ರಕರಣದಲ್ಲಿ ನಮಗೆ ಮೂರು ವಾರ ಹಿಡಿಯಿತು. ಅವಳಿಗೆ ಉಳಿದೆಲ್ಲ ಷರತ್ತುಗಳಿಗಿಂತ ಆ ಒಂದು ವಾಕ್ಯ ದೊಡ್ಡದಾಗಿತ್ತು.

ಅಧ್ಯಾಪಕಿಯವರಿಗೆ ಒಂದು ಮಾತು. ಯುಜಿಸಿ ನಿಯಮಾವಳಿ ಕೇವಲ ದಂಡನೆಯ ದಾರಿಯು ಅಸಮಾಧಾನವನ್ನೂ ಪರಕೀಯತೆಯನ್ನೂ ಹೆಚ್ಚಿಸಬಹುದೆಂಬ ಎಚ್ಚರದಿಂದಲೇ ನ್ಯಾಯಯುತ ಸಂಧಾನದ ಮಾತನ್ನು ಎತ್ತುತ್ತದೆ. ಆದರೆ ಅದೇ ಉಸಿರಿನಲ್ಲಿ ದೂರುದಾರರ ಹಕ್ಕು ಕುಗ್ಗಕೂಡದೆಂದೂ ಹೇಳುತ್ತದೆ. ಈ ಎರಡನೆಯ ಅರ್ಧವನ್ನು ಓದದವರಿಂದಲೇ ತೊಂದರೆ.

ಬೇರೆ ದೇಶದ ಒಂದು ಪ್ರಸಂಗ ನನಗೆ ಬಹಳ ಕಲಿಸಿತು. 2014ರ ಡಿಸೆಂಬರ್‌ನಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ನಗರದ ಡಲ್ಹೌಸಿ ವಿಶ್ವವಿದ್ಯಾಲಯದ ದಂತವೈದ್ಯ ವಿಭಾಗದಲ್ಲಿ, ಅಂತಿಮ ವರ್ಷದ ಹದಿಮೂರು ವಿದ್ಯಾರ್ಥಿಗಳಿದ್ದ ಫೇಸ್‌ಬುಕ್ ಗುಂಪೊಂದರಲ್ಲಿ ಸಹಪಾಠಿ ಹುಡುಗಿಯರ ಬಗ್ಗೆ ಅತ್ಯಂತ ಹೀನವಾದ ಮಾತುಗಳು ಹೊರಬಿದ್ದವು. ಗುರಿಯಾದ ಹುಡುಗಿಯರಲ್ಲಿ ಹಲವರು ಶಿಸ್ತಿನ ವಿಚಾರಣೆಯ ಬದಲು, ಪುನಶ್ಚೈತನ್ಯ ನ್ಯಾಯವೆಂದು (ರೆಸ್ಟೊರೇಟಿವ್ ಜಸ್ಟಿಸ್; ಶಿಕ್ಷೆಗಿಂತ ತಪ್ಪೊಪ್ಪಿಗೆ, ಆದ ಹಾನಿಯ ಪರಿಹಾರಕ್ಕೆ ಒತ್ತು ಕೊಡುವ ಕ್ರಮ) ಕರೆಯಬಹುದಾದ ಅನೌಪಚಾರಿಕ ದಾರಿಯನ್ನು ಆಯ್ದುಕೊಂಡರು. ಅದು ತಿಂಗಳುಗಟ್ಟಲೆ ನಡೆಯಿತು. 2015ರ ಮೇ ತಿಂಗಳಲ್ಲಿ ವರದಿ ಬಂತು. ಪಾಲ್ಗೊಂಡ ಹುಡುಗಿಯರು ತಾವೇ ಅದನ್ನು ಸಮರ್ಥಿಸಿಕೊಂಡರು. ಆದರೆ ಅದೇ ತರಗತಿಯ ನಾಲ್ವರು ಹುಡುಗಿಯರು ಈ ದಾರಿಗೆ ಒಪ್ಪುವಂತೆ ತಮ್ಮ ಮೇಲೆ ಒತ್ತಡವಿದೆಯೆಂದು ವಿಶ್ವವಿದ್ಯಾಲಯದ ಅಧ್ಯಕ್ಷರಿಗೆ ಪತ್ರ ಬರೆದಿದ್ದರು. ಗುಂಪಿನ ಹದಿಮೂರನೆಯ ವಿದ್ಯಾರ್ಥಿ ತನಗೆ ಅನೌಪಚಾರಿಕ ದಾರಿ ಬೇಡವೆಂದು ಹೊರಗುಳಿದ. ಅವನ ವಿಷಯ ಪ್ರತ್ಯೇಕವಾಗಿ ನಡೆಯಿತು. ಒಂದೇ ತರಗತಿ, ಒಂದೇ ಪ್ರಕ್ರಿಯೆ. ಕೆಲವರಿಗೆ ಅದು ಆಯ್ಕೆ, ಕೆಲವರಿಗೆ ಒತ್ತಾಯ.

ನಾನು ನಡೆಸಬಾರದಿತ್ತೆಂದ ಆ ಒಂದು ಪ್ರಕರಣ ಮಾರ್ಗದರ್ಶಕರ ಮೇಲೆ ಸಂಶೋಧನಾ ವಿದ್ಯಾರ್ಥಿನಿ ಕೊಟ್ಟ ದೂರು. ಅವಳೇ ಸಂಧಾನ ಕೋರಿ ಅರ್ಜಿ ಬರೆದಿದ್ದಳು, ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಅವಳ ಪ್ರಬಂಧಕ್ಕೆ ಅವರ ಸಹಿ ಬಾಕಿ ಇತ್ತೆಂಬುದು ನನಗೆ ಗೊತ್ತಿತ್ತು. ಅಮೆರಿಕದಲ್ಲಿ 2020ರ ಆಗಸ್ಟ್ 14ರಿಂದ ಜಾರಿಗೆ ಬಂದ ಟೈಟಲ್ ನೈನ್ (ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ತಡೆಯುವ ಕಾನೂನು) ನಿಯಮಗಳು ಅನೌಪಚಾರಿಕ ಪರಿಹಾರಕ್ಕೆ ಎರಡೂ ಕಡೆಯ ಲಿಖಿತ, ಸ್ವಇಚ್ಛೆಯ ಒಪ್ಪಿಗೆ ಬೇಕೆನ್ನುತ್ತವೆ, ಒಪ್ಪಂದವಾಗುವ ಮುನ್ನ ಯಾರು ಬೇಕಾದರೂ ಹಿಂದೆ ಸರಿಯಬಹುದೆನ್ನುತ್ತವೆ; ಆದರೆ ಸಿಬ್ಬಂದಿಯೊಬ್ಬರು ವಿದ್ಯಾರ್ಥಿಗೆ ಕಿರುಕುಳ ಕೊಟ್ಟರೆಂಬ ದೂರಿದ್ದಾಗ ಆ ದಾರಿಯನ್ನು ಪೂರ್ತಿ ಮುಚ್ಚುತ್ತವೆ. ಆ ನಿಯಮಗಳ ಬಗ್ಗೆ ಬೇರೆ ಆಕ್ಷೇಪಗಳು ಏನೇ ಇರಲಿ, ಈ ಒಂದು ಗೆರೆ ನಮ್ಮಲ್ಲಿಯೂ ಇದ್ದಿದ್ದರೆ ನಾನು ಆ ತಪ್ಪು ಮಾಡುತ್ತಿರಲಿಲ್ಲ. ನಿಮ್ಮ ಪ್ರಸಂಗದಲ್ಲಿ ಎದುರಿನವರು ವಿದ್ಯಾರ್ಥಿಯೇ ಆದರೂ, ನಿಮ್ಮ ಮಾರ್ಗದರ್ಶಕರು ಯಾರ ಪರವೆಂಬುದನ್ನು ತಿಳಿಯದೆ ಮುಂದುವರಿಯಬೇಡಿ.

ಉತ್ತರ 5: ಎದುರು ಬದಿಯಲ್ಲಿ ಕುಳಿತಿದ್ದವನು

ನನ್ನ ಮೇಲೆ ಒಮ್ಮೆ ದೂರು ಬಂದಿತ್ತು. ಅದು ಸಂಧಾನದಲ್ಲಿ ಮುಗಿಯಿತು. ಇದನ್ನು ಬರೆದರೆ ಇಲ್ಲಿ ನನ್ನನ್ನು ಹೇಗೆ ನೋಡುತ್ತಾರೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಾನು ಹೇಳಿದ ಮಾತುಗಳು ತಪ್ಪಾಗಿದ್ದವು, ತಮಾಷೆಯೆಂದು ನಂಬಿದ್ದೆ. ಆದರೆ ಸಂಧಾನದ ಕೋಣೆಯಲ್ಲಿ ನನಗಿದ್ದ ಭಯ ಬೇರೆ: ಇಲ್ಲಿ ತಪ್ಪೊಪ್ಪಿಕೊಂಡ ಮೇಲೆ ಒಪ್ಪಂದ ಮುರಿದುಬಿದ್ದರೆ, ಅದೇ ಒಪ್ಪಿಗೆಯನ್ನು ವಿಚಾರಣೆಯಲ್ಲಿ ನನ್ನ ವಿರುದ್ಧ ಬಳಸುತ್ತಾರೆಯೆ? ಸಮಿತಿಯವರನ್ನು ಕೇಳಿದೆ, ಒಬ್ಬರು ಇಲ್ಲವೆಂದರು, ಒಬ್ಬರು ನೋಡೋಣವೆಂದರು. ಹಾಗಾಗಿ ಮೊದಲ ಎರಡು ಸಭೆಗಳಲ್ಲಿ ನಾನು ಬಾಯಿ ಬಿಡಲಿಲ್ಲ, ಅವಳು ಅದನ್ನು ಸೊಕ್ಕೆಂದು ತಿಳಿದಳು. ಸ್ವಇಚ್ಛೆ ಎರಡೂ ಕಡೆ ಇರಬೇಕಾದರೆ ಇದಕ್ಕೆ ಉತ್ತರ ಮೊದಲೇ ಸಿಗಬೇಕು.

ಉತ್ತರ 1ರ ಲೇಖಕಿ

ಇದು ನ್ಯಾಯವಾದ ಪ್ರಶ್ನೆ. 2013ರ ಕಾಯ್ದೆಯ 16ನೇ ಕಲಮು ಸಂಧಾನದ ವಿವರಗಳನ್ನು ಸಾರ್ವಜನಿಕವಾಗಿ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಆದರೆ ಸಂಧಾನದಲ್ಲಿ ಆಡಿದ ಮಾತನ್ನು ಮುಂದಿನ ವಿಚಾರಣೆಯಲ್ಲಿ ಬಳಸಬಹುದೆ ಎಂಬುದಕ್ಕೆ ಕಾಯ್ದೆಯಲ್ಲಿ ನೇರವಾದ ಮಾತಿಲ್ಲ. ಆದ್ದರಿಂದ ನಮ್ಮ ಸಮಿತಿಗಳಲ್ಲಿ ಸಂಧಾನ ಆರಂಭಿಸುವ ಮೊದಲೇ ಒಂದು ಪುಟದ ಲಿಖಿತ ನಿಯಮವನ್ನು ಇಬ್ಬರಿಗೂ ಓದಿ ಹೇಳಿ ಸಹಿ ಪಡೆಯುತ್ತೇವೆ: ಸಂಧಾನದಲ್ಲಿ ಆಡಿದ ಮಾತು ವಿಚಾರಣೆಯ ಕಡತಕ್ಕೆ ಸೇರುವುದಿಲ್ಲ, ಸಂಧಾನ ನಡೆಸಿದ ಸದಸ್ಯರು ವಿಚಾರಣೆಯಲ್ಲಿ ಕೂರುವುದಿಲ್ಲ, ಮೊದಲೇ ಇದ್ದ ಸಾಕ್ಷ್ಯಗಳಿಗೆ ಇದು ಅನ್ವಯಿಸುವುದಿಲ್ಲ. ಹೀಗೆ ಮಾಡಿದ ಮೇಲೆ ಎದುರಿನವರು ಮಾತನಾಡುತ್ತಾರೆ, ದೂರುದಾರೆಗೆ ಬೇಕಾದ ಒಪ್ಪಿಗೆಯ ವಾಕ್ಯವೂ ಸಿಗುತ್ತದೆ.

ಔಪಚಾರಿಕ ದಾರಿಯಲ್ಲಿಯೂ ಎದುರಿನವರ ಹಕ್ಕನ್ನು ಹಗುರವಾಗಿ ಕಾಣಬಾರದು. ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ, ವಿಚಾರಣೆಯನ್ನು ಅತಿ ಆತುರದಿಂದ ಮುಗಿಸಿ ಅಧ್ಯಾಪಕರಿಗೆ ತಮ್ಮನ್ನು ಸಮರ್ಥಿಸಿಕೊಳ್ಳಲು ಸಾಕಷ್ಟು ಅವಕಾಶ ಕೊಡಲಿಲ್ಲವೆಂಬ ಕಾರಣಕ್ಕೆ ಸುಪ್ರೀಂ ಕೋರ್ಟು 2023ರ ಮೇ 12ರಂದು ವಜಾ ಆದೇಶವನ್ನು ತಳ್ಳಿಹಾಕಿತು. ವರ್ಷಗಟ್ಟಲೆ ಕಾದ ದೂರುದಾರರಿಗೆ ಅದರಿಂದ ಆದ ನಷ್ಟವನ್ನು ಯೋಚಿಸಿ.

ಪ್ರಶ್ನೆ ಕೇಳಿದವಳ ಮರುಬರಹ

ಎಲ್ಲರಿಗೂ ಕೃತಜ್ಞತೆ. ಇಂದು ಮಧ್ಯಾಹ್ನ ಸಮಿತಿಯ ಅಧ್ಯಕ್ಷೆಗೆ ಲಿಖಿತ ದೂರನ್ನು ಸಂದೇಶಗಳ ಪ್ರತಿಗಳ ಸಮೇತ ಸಲ್ಲಿಸಿ, ದಿನಾಂಕವಿರುವ ಸ್ವೀಕೃತಿ ಪಡೆದಿದ್ದೇನೆ. ಸರದಿ ಪಟ್ಟಿಯ ನಿರ್ವಹಣೆಯನ್ನು ಆ ಹಿರಿಯ ವಿದ್ಯಾರ್ಥಿಯಿಂದ ಈಗಲೇ ತೆಗೆಯಬೇಕೆಂದು ಪ್ರತ್ಯೇಕವಾಗಿ ಬರೆದುಕೊಟ್ಟೆ. ಸಂಧಾನದ ಬಗ್ಗೆ ದೂರಿನಲ್ಲಿ ಒಂದಕ್ಷರವನ್ನೂ ಬರೆದಿಲ್ಲ. ಬೇಕೆನಿಸಿದ ದಿನ ನಾನೇ ಕೇಳುತ್ತೇನೆ. ಮುಖ್ಯಸ್ಥರಿಗೆ, ವಿಷಯ ಸಮಿತಿಯ ಮುಂದಿರುವುದರಿಂದ ಕರಡಿಗೆ ಸಹಿ ಹಾಕಲಾಗುವುದಿಲ್ಲವೆಂದು ಎರಡು ಸಾಲಿನ ಇಮೇಲ್ ಕಳುಹಿಸಿದೆ. ಅವರು ಇನ್ನೂ ಉತ್ತರಿಸಿಲ್ಲ.

ಒಂದು ಸಣ್ಣ ಸಂದೇಹ ಉಳಿದಿದೆ. ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳು ಇರಬೇಕೆಂದು ಓದಿದೆ. ಸೂಚನಾ ಫಲಕದಲ್ಲಿರುವ ಪಟ್ಟಿಯಲ್ಲಿ ಒಬ್ಬರೂ ಇಲ್ಲ.

ಉತ್ತರ 4ರ ಲೇಖಕಿ

ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಪದವಿ, ಸ್ನಾತಕೋತ್ತರ ಮತ್ತು ಸಂಶೋಧನಾ ಹಂತಗಳಿಂದ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಸಮಿತಿಯಲ್ಲಿ ಇರಬೇಕು. ಪ್ರಾಯಶಃ ಚುನಾವಣೆಯನ್ನೇ ನಡೆಸಿರಲಿಕ್ಕಿಲ್ಲ. ಇದು ಬಹಳ ಕಡೆ ಕಾಣುವ ಲೋಪ. ಈಗಲೇ ಲಿಖಿತವಾಗಿ ಗಮನಕ್ಕೆ ತನ್ನಿ, ಆದರೆ ಅದಕ್ಕಾಗಿ ದೂರನ್ನು ತಡೆಹಿಡಿಯಲು ಬಿಡಬೇಡಿ. ದೂರಿನ ಪ್ರತಿ ಏಳು ದಿನಗಳೊಳಗೆ ಎದುರಿನವರಿಗೆ ಹೋಗಬೇಕು, ಅಲ್ಲಿಂದ ಹತ್ತು ದಿನಗಳೊಳಗೆ ಅವರ ಉತ್ತರ ಬರಬೇಕು. ಆ ಉತ್ತರವನ್ನು ಓದುವ ತನಕ ಸಂಧಾನ ಬೇಕೊ ಬೇಡವೊ ಎಂದು ತೀರ್ಮಾನಿಸಬೇಡಿ. ಅವರು ಏನನ್ನು ಒಪ್ಪಲು ಸಿದ್ಧರಿದ್ದಾರೆಂಬುದು ಅದರಲ್ಲೇ ಅರ್ಧ ಗೊತ್ತಾಗುತ್ತದೆ.